ದಿಂಬಿನ ಕೆಳಗಿನ ಬಿಸ್ಕತ್ತು

ಅತ್ತೆ,

ಬೆಳಗಿನ ಪಾಳಿ, ಅದಕ್ಕೇ ಎಬ್ಬಿಸದೆ ಹೊರಟೆ. ಪುಟ್ಟಿಗೆ ಅನ್ನ ಆರಿದ ಮೇಲೆ ಕೊಡಿ, ಬಿಸಿ ಇದ್ದರೆ ತಟ್ಟೆ ತಳ್ಳುತ್ತಾಳೆ.

ನಿನ್ನೆ ಒಗೆಯಲು ಹಾಕೋಣವೆಂದು ನಿಮ್ಮ ಚಾದರ ಎಳೆದೆ. ದಿಂಬಿನ ಕೆಳಗೆ ಬಿಸ್ಕತ್ತು, ಹಾಸಿಗೆಯ ಕೆಳಗೆ ಖಾಲಿ ಪೊಟ್ಟಣಗಳ ರಾಶಿ. ಅಜ್ಜಿ ಮೊಮ್ಮಗಳು ಇಬ್ಬರೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಆಟಿಸಂ ಇರುವ ಮಕ್ಕಳಿಗೆ ಗೋಧಿ, ಹಾಲು ಬಿಡಿಸಿದರೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿದವಳು ನಾನು. ಡಾಕ್ಟರು ಖಾತ್ರಿಯಿಲ್ಲ ಅಂದಿದ್ದರು. ಪುಟ್ಟಿ ಈಗ ಕಿರುಚದೆ ಮಲಗುತ್ತಾಳೆ, ಎಲ್ಲ ಪಥ್ಯದ ಮಹಿಮೆ ಎಂದು ಕಂಡವರಿಗೆಲ್ಲ ಸಾರಿದವಳೂ ನಾನೇ. ನೀವು ಪಕ್ಕದಲ್ಲೇ ಕೂತು, "ಹೌದಮ್ಮ, ಮತ್ತೇನು, ಪಥ್ಯಾನೇ" ಅಂದಿರಿ.

ಸಂಜೆ ನಿಮ್ಮ ಕೋಣೆಯಲ್ಲಿ ದೀಪ ಆರಿಸಿ, ಬಾಗಿಲು ಮುಚ್ಚಿ ಅವಳನ್ನು ಕೂರಿಸಿಕೊಳ್ಳುತ್ತಿದ್ದಿರಿ. ಕಥೆ ಹೇಳುತ್ತೀರಿ ಅಂದುಕೊಂಡಿದ್ದೆ.

ಪಥ್ಯ ಇವತ್ತಿಗೆ ಮುಗಿಯಿತು. ಗುಣ ಬಿಸ್ಕತ್ತಿನದ್ದೋ, ಆ ಕತ್ತಲೆಯದ್ದೋ, ನಿಮ್ಮಿಬ್ಬರ ಗುಟ್ಟಿನದ್ದೋ ನನಗೆ ಗೊತ್ತಿಲ್ಲ. ಇರುವೆ ಬರುತ್ತದೆಂದು ಬಿಸ್ಕತ್ತನ್ನು ಡಬ್ಬಿಗೆ ಹಾಕಿ ಅಲ್ಲೇ ದಿಂಬಿನ ಪಕ್ಕದಲ್ಲಿಟ್ಟಿದ್ದೇನೆ. ಮೇಜಿನ ಮೇಲೆ ಕೊಡಬೇಡಿ. ಮೊದಲಿನ ಹಾಗೇ ದೀಪ ಆರಿಸಿ, ಬಾಗಿಲು ಮುಚ್ಚಿ, ನನಗೆ ಗೊತ್ತಾಗದಂತೆ ಕೊಡಿ.