ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡು

ಶಿವು ಮಾವನಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಅಂತ ಸೇರಿಸಲು ಹೋಗಿ ಪೆನ್ನು ನಿಂತಿತು. ಹಾಗೇ ಬಿಟ್ಟೆ. ನೀನು ಯಾವುದನ್ನೂ ಕೊನೆಯವರೆಗೆ ಓದುವವನಲ್ಲ, ಆದ್ದರಿಂದ ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ. ಸೈಕಲ್ಲಿನ ಎಡಗಡೆ, ಹ್ಯಾಂಡಲ್ಲಿಗೂ ಫ್ರೇಮಿಗೂ ನಡುವೆ, ಹಿಂದಿನ ಬ್ರೇಕಿನ ಕೇಬಲ್ಲು ಈಗ ಬಿಲ್ಲಿನ ಹಾಗೆ ಬಾಗಿ ಹೊರಗೆ ಕಾಣುತ್ತಿದೆ. ನೋಡಲು ಚೆನ್ನಾಗಿಲ್ಲ. ಅದನ್ನು ಕತ್ತರಿಸಬೇಡ. ಭಾನುವಾರ ಶ್ರೀರಂಗಪಟ್ಟಣದ ರೇಸಿನಲ್ಲಿ ಸೌಮ್ಯಶ್ರೀ ಆ ಸೈಕಲ್ ಓಡಿಸುತ್ತಾಳೆ, ಅವಳ ಮೂಳೆ ಮುರಿಯಬಾರದು. ಇಷ್ಟೇ. ಇಷ್ಟು ಸಾಕು ಅನ್ನಿಸಿದರೆ ಇಲ್ಲೇ ಮಡಚಿ ಇಟ್ಟುಬಿಡು. ಉಳಿದದ್ದೆಲ್ಲ ಬೈಗುಳ.

ಇನ್ನೂ ಓದುತ್ತಿದ್ದೀಯಾ? ಸರಿ. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷು ಅಂತ ಮದುವೆ ಮನೆಗಳಲ್ಲಿ ಆಡಿಕೊಳ್ಳುತ್ತೀಯಲ್ಲ, ಅದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳುವುದು ನನ್ನಿಂದ ಆಗಲ್ಲ. ನೀನು ಗಂಟಲು ಏರಿಸಿದರೆ ಅರ್ಧ ಮಾತಿಗೇ ‘ಸಾರಿ ಮಾವ’ ಅಂದುಬಿಡುತ್ತೇನೆ. ಕಾಗದದ ಮೇಲೆ ಗಂಟಲು ಏರಿಸಿ ಏನು ಮಾಡುತ್ತೀಯ? ಅದು ಸಾರಿ ಅನ್ನಲ್ಲ.

ಹೋದ ವರ್ಷದ ಆಯುಧಪೂಜೆ ನೆನಪಿದೆಯಾ? ಮೈಸೂರಿನ ಸ್ಪೋರ್ಟ್ಸ್ ಕ್ಲಬ್ಬಿನವರು ನನಗೆ ಅಂತ ಆ ಸೈಕಲ್ ಕೊಟ್ಟು ಆಗಿನ್ನೂ ಒಂದು ವಾರ ಆಗಿತ್ತು. ಈಜು, ಸೈಕಲ್, ಓಟ ಮೂರೂ ಇರುವ ರೇಸಿಗೆ ಮಾಮೂಲಿ ಹ್ಯಾಂಡಲ್ ಸಾಲದು ಅಂತ ಏರೋ ಬಾರ್ ತರಿಸಿದವನು ನೀನು. ಮುಂದಕ್ಕೆ ಚಾಚಿಕೊಂಡ ಎರಡು ಕೊಂಬು, ಮೊಣಕೈ ಊರಲು ಎರಡು ಮೆತ್ತೆ. ಗಾಳಿಗೆ ತಲೆ ತಗ್ಗಿಸಿ ಅದರ ಮೇಲೆ ಮಲಗಿದ ಹಾಗೆ ಓಡಿಸಬೇಕು. ‘ಇನ್ನೊಬ್ರು ಕೈಗೆ ಕೊಡದ್ಯಾಕೆ, ನಾನೇ ಕೂರಿಸ್ತೀನಿ’ ಅಂದೆ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ನೀನು, ಮೊಬೈಲಿನಲ್ಲಿ ವಿಡಿಯೋ ನೋಡಿ ಶೀಳನೆರೆಯ ಅಜ್ಜಿ ಮನೆ ಜಗಲಿಯ ಮೇಲೆ ಸ್ಪ್ಯಾನರ್ ಹರಡಿಕೊಂಡು ಕೂತೆ. ಗೇರಿನ ವೈರುಗಳನ್ನು ಕೊಂಬಿನ ಒಳಗೇ ತೂರಿಸಿ ಕೆಳಗೆ ತೆಗೆದೆ. ಅದನ್ನು ಚೆನ್ನಾಗಿಯೇ ಮಾಡಿದ್ದೆ, ಸುಳ್ಳು ಹೇಳಲ್ಲ. ಬ್ರೇಕಿನ ಕೇಬಲ್ಲುಗಳನ್ನು ಮಾತ್ರ ಕೊನೆಗೆ ಉಳಿಸಿಕೊಂಡೆ. ಅಷ್ಟರಲ್ಲಿ ಪೂಜೆಗೆ ಹೊತ್ತಾಯಿತು ಅಂತ ಅಜ್ಜಿ ಕೂಗಿದಳು, ಸೈಕಲ್ಲಿಗೆ ಚೆಂಡುಹೂವಿನ ಹಾರ ಹಾಕಿ ಹ್ಯಾಂಡಲ್ಲನ್ನು ನೆಟ್ಟಗೆ ಕಟ್ಟಿದರು. ನೀನು ಅಳತೆ ತೆಗೆದದ್ದು ಆಗ. ಹ್ಯಾಂಡಲ್ ನೆಟ್ಟಗೆ ಇದ್ದಾಗ.

‘ವೈರು ಜಡೆ ಬುಟ್ಕಂಡಂಗೆ ಜೋತಾಡ್ಬಾರ್ದು, ಫೋಟೋಲಿ ಅಸಯ್ಯ ಕಾಣ್ತದೆ’ ಅಂದು ನೀನು ಕಟ್ಟರ್ ಒತ್ತಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕುಂಬಳಕಾಯಿ ಒಡೆದೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಸೈಕಲ್ ಅದರ ಮೇಲೆ ನೇರವಾಗಿ ಹೋಯಿತು, ಹಣ್ಣು ಪಚಕ್ ಅಂದಿತು, ಎಲ್ಲರೂ ಕೈಮುಗಿದರು. ನಿಂಬೆಹಣ್ಣಿನ ಮೇಲೆ ಹತ್ತಿಸುವವರು ಯಾರೂ ಹ್ಯಾಂಡಲ್ ತಿರುಗಿಸಿ ನೋಡುವುದಿಲ್ಲ ಮಾವ.

ಆಮೇಲೆ ನಾನು ಪ್ರಾಕ್ಟೀಸು ಮಾಡಿದ್ದು ನಾಲೆ ಏರಿಯ ಮೇಲೆ. ಅದು ನೇರ ದಾರಿ. ತಿರುಗಲು ಜಾಗವಿಲ್ಲದೆ ಪ್ರತಿಸಲ ಇಳಿದು, ಸೈಕಲ್ ಎತ್ತಿ ತಿರುಗಿಸಿಕೊಂಡು ಬರುತ್ತಿದ್ದೆ. ಹಾಗಾಗಿ ರೇಸಿನ ದಿನದವರೆಗೆ ಹ್ಯಾಂಡಲ್ ಪೂರ್ತಿ ತಿರುಗಿಸುವ ಪ್ರಸಂಗವೇ ಬರಲಿಲ್ಲ.

ಆ ದಿನ ಶ್ರೀರಂಗಪಟ್ಟಣದಲ್ಲಿ ನೀರಿನಿಂದ ಎದ್ದಾಗ ಹುಡುಗಿಯರಲ್ಲಿ ನಾನು ಎರಡನೆಯವಳು. ಭಯ ಇತ್ತು, ನನಗೆ ಯಾವಾಗಲೂ ಇರುತ್ತದೆ. ಆದರೆ ಕಾಲು ಚೆನ್ನಾಗಿ ಆಡುತ್ತಿತ್ತು. ಯು-ಟರ್ನಿಗೆ ನೀಲಿ ಡ್ರಮ್ಮು ಇಟ್ಟಿದ್ದರು. ಸ್ಪೀಡು ಇಳಿಸಿದೆ, ಮೆತ್ತಗೆ ಬಲಕ್ಕೆ ತಿರುಗಿಸಿದೆ. ಹ್ಯಾಂಡಲ್ ಅರ್ಧಕ್ಕೆ ನಿಂತಿತು, ಯಾರೋ ಕೈ ಹಿಡಿದು ನಿಲ್ಲಿಸಿದ ಹಾಗೆ. ಹಿಂದಿನ ಚಕ್ರ ಕಚ್ಚಿತು. ನಡೆಯುವವರಷ್ಟೇ ನಿಧಾನವಾಗಿ ಹೋಗುತ್ತಿದ್ದವಳು ಮಗುವಿನ ಹಾಗೆ ಮಗ್ಗುಲಿಗೆ ಬಿದ್ದೆ. ಜನ ನಕ್ಕರು. ನನ್ನ ಭುಜದ ಮೂಳೆ ಚರ್ಮದ ಕೆಳಗೆ ಎದ್ದು ನಿಂತಿದ್ದು ಕಂಡ ಮೇಲೆ ನಗು ನಿಂತಿತು.

ನೀನು ಓಡಿ ಬಂದೆ. ಬಂದವನು ಮೊದಲು ನನ್ನನ್ನು ಎತ್ತಲಿಲ್ಲ. ಮೊದಲು ಜನರ ಕಡೆ ತಿರುಗಿ ಕೂಗಿದೆ: ‘ಎದ್ರಿ ಬ್ರೇಕ್ ಇಡ್ದ್‌ಬುಟ್ಳು ಕಣ್ರಲಾ!’

ಅದೊಂದು ಮಾತು ನನಗಿಂತ ಮುಂಚೆ ಬೂಕನಕೆರೆಯ ನಮ್ಮ ಮನೆ ಮುಟ್ಟಿತು. ಕೈಯನ್ನು ಪಟ್ಟಿಯಿಂದ ಕೊರಳಿಗೆ ತೂಗುಹಾಕಿಕೊಂಡು ಹೋದವಳಿಗೆ ಅವ್ವ ಹೇಳಿದಳು, ‘ಅವ್ಳು ಮೊದ್ಲಿಂದ್ಲೂ ಭಯಸ್ತೆ, ಹಾಸ್ಟೆಲ್‌ಗೆ ಬುಟ್ಟು ಬಂದ ದಿನ ಗೇಟ್ ಇಡ್ಕಂಡು ಅತ್ತೋಳು.’ ಮದುವೆಗೆ ಹೋದರೆ ಅದೇ ಮಾತು, ತಿಥಿಗೆ ಹೋದರೆ ಅದೇ ಮಾತು. ‘ಬ್ರೇಕ್ ಇಡ್ದೋಳು ಬಂದ್ಲು.’ ನೀನು ಪ್ರತಿಸಲ ಅದನ್ನು ನಟಿಸಿ ತೋರಿಸುತ್ತಿದ್ದೆ, ಕಣ್ಣು ಅಗಲ ಮಾಡಿ, ಎರಡೂ ಕೈ ಮುಷ್ಟಿ ಕಟ್ಟಿ. ಕ್ಲಬ್ಬಿನವರಿಗೂ ನೀನೇ ಫೋನ್ ಮಾಡಿ ಹುಡುಗಿಗೆ ಧೈರ್ಯ ಸಾಲದು ಅಂದೆ. ಸೈಕಲ್ ನಿನ್ನ ಹತ್ತಿರವೇ ಉಳಿಯಿತು.

ನಾನೂ ನಂಬಿದೆ ಮಾವ. ನನ್ನ ಬೆರಳು ಬ್ರೇಕಿನ ಮೇಲೆ ಇರಲಿಲ್ಲ ಅಂತ ನನ್ನ ಬೆರಳಿಗೆ ಗೊತ್ತಿತ್ತು, ಆದರೂ ನಂಬಿದೆ. ನಾಗಮಂಗಲದ ಕಡೆ ಈ ಕಾಲೇಜಿಗೆ ಸೇರಿದ ಮೇಲೆ ಒಂದು ಟೀಮಿಗೂ ಹೆಸರು ಕೊಡಲಿಲ್ಲ. ವೈವಾದಲ್ಲಿ ಉತ್ತರ ನಾಲಿಗೆ ತುದಿಗೆ ಬಂದಿರುತ್ತದೆ, ಆಗ ನಿನ್ನ ಮುಷ್ಟಿ ಕಣ್ಣ ಮುಂದೆ ಬರುತ್ತದೆ, ಬಾಯಿ ಕಟ್ಟುತ್ತದೆ. ರೂಮ್‌ಮೇಟ್ ಸಹನ ಕೇಳುತ್ತಾಳೆ, ‘ಯಾಕೆ ಫ್ರೀಜ್ ಆಗ್ತೀಯ?’

ಮೊನ್ನೆ ನಿನ್ನ ಸ್ಟೇಟಸ್ಸಿನಲ್ಲಿ ವಿಡಿಯೋ ಹಾಕಿದ್ದೆ. ಅದೇ ಸೈಕಲ್ಲು. ಮೇಲೆ ಸೌಮ್ಯಶ್ರೀ, ನಿಮ್ಮ ಬೀದಿಯ ಮರಗೆಲಸದ ವೆಂಕಟೇಶಣ್ಣನ ಮಗಳು, ಒಂಬತ್ತನೇ ಕ್ಲಾಸು. ಸ್ಕೂಲಿನ ಮೈದಾನದಲ್ಲಿ ಯು-ಟರ್ನ್ ಕಲಿಯುತ್ತಿದ್ದಾಳೆ. ಬಲಕ್ಕೆ ತಿರುಗುತ್ತಾಳೆ, ಗಕ್ಕನೆ ನಿಲ್ಲುತ್ತಾಳೆ, ಕಾಲು ಊರುತ್ತಾಳೆ. ಹಿಂದಿನಿಂದ ನಿನ್ನ ದನಿ: ‘ಎದ್ರುಬುಟ್ಳು ನೋಡ್ರಲಾ, ಇವ್ಳೂ ತನುಶ್ರೀನೇ ಆದ್ಲು!’

ಅಲ್ಲಿಯವರೆಗೆ ನಾನು ಆ ಬೀಳುವಿಕೆಯನ್ನು ಒಳಗಿನಿಂದ ಮಾತ್ರ ನೋಡಿದ್ದೆ. ಮೊದಲ ಸಲ ಹೊರಗಿನಿಂದ ನೋಡಿದೆ. ಹುಡುಗಿಯ ಮುಖದಲ್ಲಿ ಭಯ ಇರಲಿಲ್ಲ ಮಾವ. ಆಶ್ಚರ್ಯ ಇತ್ತು. ಅವಳ ಬೆರಳುಗಳೆಲ್ಲ ಬಿಚ್ಚಿಕೊಂಡೇ ಇದ್ದವು.

ಮಾರನೇ ದಿನ ಕ್ಲಾಸು ಬಿಟ್ಟು ಕೆ.ಆರ್. ಪೇಟೆಗೆ ಬಸ್ಸು ಹತ್ತಿದೆ, ಅಲ್ಲಿಂದ ಶೀಳನೆರೆಗೆ. ನೀನು ಕ್ರೀಡಾಕೂಟದ ಡ್ಯೂಟಿಗೆ ಪಾಂಡವಪುರಕ್ಕೆ ಹೋಗಿದ್ದೆ, ಶನಿವಾರದವರೆಗೆ ಬರಲ್ಲ ಅಂದಳು ಅಜ್ಜಿ. ಜಗಲಿಯ ಮೂಲೆಯಲ್ಲಿ ಸೈಕಲ್ ನಿಂತಿತ್ತು. ಹಿಂದಿನ ಚಕ್ರ ಎತ್ತಿ ತಿರುಗಿಸಿಬಿಟ್ಟೆ, ಸುಮ್ಮನೆ ಸುತ್ತುತ್ತಿತ್ತು. ಹ್ಯಾಂಡಲ್ ಬಲಕ್ಕೆ ಎಳೆದೆ. ಎಡಗಡೆಯ ಕೇಬಲ್ಲು ಬಿಗಿದ ಹಗ್ಗವಾಯಿತು, ಹ್ಯಾಂಡಲ್ ನಿಂತಿತು, ಚಕ್ರವೂ ನಿಂತಿತು. ಬ್ರೇಕಿನ ಹತ್ತಿರ ಯಾರ ಕೈಯೂ ಇರಲಿಲ್ಲ. ಬಿಟ್ಟು ಚಕ್ರ ತಳ್ಳಿದೆ, ಸುತ್ತಿತು. ಎಳೆದೆ, ನಿಂತಿತು. ಎಷ್ಟು ಸಲ ಮಾಡಿದೆನೋ, ಅಜ್ಜಿ ಒಳಗಿಂದ ‘ಏನವ್ವಾ ಅದು ಕಿರಕಿರ?’ ಅಂದಳು.

ನಿನಗೆ ಫೋನ್ ಮಾಡಿದೆ. ಪೂರ್ತಿ ಹೇಳಿದೆ. ನೀನು ನಕ್ಕೆ. ‘ಓದ್ಕೊಳ್ಳವ್ವ ಮೊದ್ಲು. ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ.’ ಹಿಂದೆ ಸೀಟಿ ಊದುತ್ತಿದ್ದರು. ನೀನು ಫೋನ್ ಇಟ್ಟುಬಿಟ್ಟೆ.

ಹಾಗಾಗಿ ಕೆ.ಆರ್. ಪೇಟೆಗೆ ಹೋಗಿ ಉದ್ದನೆಯ ಹೊಸ ಕೇಬಲ್ಲು ತಂದು, ನಾನೇ ಬಿಚ್ಚಿದೆ. ನೀನು ನೋಡಿದ ವಿಡಿಯೋವನ್ನೇ ನೋಡಿದೆ ಮಾವ, ಜಗಲಿಯಲ್ಲಿ ನಿನ್ನ ಪಕ್ಕ ಕೂತು ನೋಡಿದ್ದೆನಲ್ಲ, ಹುಡುಕುವುದು ಕಷ್ಟವಾಗಲಿಲ್ಲ. ಅದರಲ್ಲೇ ಹೇಳಿದ್ದಾರೆ: ಕತ್ತರಿಸುವ ಮುಂಚೆ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ, ಕೇಬಲ್ಲು ಸಡಿಲ ಉಳಿಯಬೇಕು. ವಿಡಿಯೋದ ಕೊನೆಯಲ್ಲಿ ಹೇಳಿದ್ದಾರೆ. ನೀನು ಅಲ್ಲಿಯವರೆಗೆ ನೋಡಲೇ ಇಲ್ಲ.

ಸುಲಭ ಅಂತ ಅಂದುಕೊಳ್ಳಬೇಡ. ಹಳೆಯ ವೈರಿನ ತುದಿಗೆ ಅಜ್ಜಿಯ ಹೂವಿನ ದಾರ ಅಂಟಿಸಿ ಎಳೆದೆ, ದಾರದ ಜಾಡಿನಲ್ಲೇ ಹೊಸ ವೈರು ಎಳೆದುಕೊಳ್ಳೋಣ ಅಂತ. ಫ್ರೇಮಿನ ಹೊಟ್ಟೆಯೊಳಗೆ ದಾರ ಹರಿಯಿತು. ಸೈಕಲ್ ತಲೆಕೆಳಗು ಮಾಡಿ ಅಲ್ಲಾಡಿಸಿದೆ, ಅಳುವೂ ಬಂತು. ಅಜ್ಜಿ ಬಾಗಿಲಲ್ಲಿ ನಿಂತು, ‘ನಿಮ್ ಮಾವ ಬಂದ್ರೆ ನಿನ್ ಒಟ್ಟೆ ಬಗೀತಾನೆ, ನೀನು ಅದ್ರ ಒಟ್ಟೆ ಬಗೀತಾ ಇದ್ದೀಯ’ ಅಂದಳು. ಕೊನೆಗೆ ಅಟ್ಟದ ಮೇಲಿದ್ದ ನಿನ್ನ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದೆ. ಅದನ್ನು ಫ್ರೇಮಿನ ಮೇಲೆ ಹೊರಗಿನಿಂದ ಜಾರಿಸುತ್ತಾ ಹೋದರೆ ಒಳಗೆ ಹೊಸ ವೈರು ಹಾವಿನ ಮರಿಯ ಹಾಗೆ ಹಿಂದೆ ಹಿಂದೆ ಬಂತು. ತೂತಿನಲ್ಲಿ ಅದರ ತುದಿ ಕಂಡಾಗ ನಾನು ಕೂಗಿದ ಕೂಗಿಗೆ ಕರು ಬೆದರಿತು. ಸ್ಪೀಕರಿಗೆ ಕ್ಷಮೆ ಕೇಳುವುದಿಲ್ಲ.

ಹಳೆಯ ಕೇಬಲ್ಲಿನ ಹೊರಕವಚವನ್ನು ಬಿಸಾಕಲಿಲ್ಲ. ಈ ಕಾಗದಕ್ಕೆ ಸುತ್ತಿ ಕೊಂಬಿಗೆ ಕಟ್ಟಿರುವುದು ಅದೇ. ಹೊಸದರ ಪಕ್ಕ ಹಿಡಿದು ನೋಡು. ನಾಲ್ಕು ಬೆರಳು ಗಿಡ್ಡ. ಆ ನಾಲ್ಕು ಬೆರಳಿನಲ್ಲಿ ನನ್ನ ಒಂದು ವರ್ಷ ಹೋಯಿತು.

ಸಂಜೆ ಸೌಮ್ಯಶ್ರೀ ಬಂದಳು. ಕಂಬಕ್ಕೆ ಒರಗಿ ನಿಂತು, ‘ಮೇಷ್ಟ್ರು ಬೈತಾರೆ ಕಣಕ್ಕ’ ಅಂದಳು. ಆಮೇಲೆ ಮೆಲ್ಲಗೆ, ‘ನಾನೂ ಯೋಳ್ದೆ ಅಕ್ಕ, ಬಲಕ್ ತಿರುಗ್ಸುದ್ರೆ ಇಡ್ಕತದೆ ಅಂತ. ಇಡ್ಕಂಡಿರದು ನಿನ್ ಭಯ ಕಣಮ್ಮಿ, ಸೈಕಲ್ಲಲ್ಲ ಅಂದ್ರು.’

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟಿಗೆ ಬೇರೆ ಬಣ್ಣ ಬಂತು. ನನಗೆ ಮಾಡಿದ್ದನ್ನು ತಪ್ಪು ಅಂತ ಕರೆಯಬಹುದು, ಹಬ್ಬದ ಗಡಿಬಿಡಿ ಅನ್ನಬಹುದು. ಇವಳು ಬಾಯಿ ಬಿಟ್ಟು ಹೇಳಿದಳಲ್ಲ? ನಾನು ಫೋನಿನಲ್ಲಿ ಹೇಳಿದೆನಲ್ಲ? ಇಬ್ಬರು ಹೇಳಿದರೂ ಹ್ಯಾಂಡಲ್ಲಿಗೆ ಒಂದು ಸಲ ಕೈ ಹಾಕಿ ನೋಡದವನನ್ನು ಏನಂತ ಕರೆಯಲಿ? ನಿನಗೆ ಸೈಕಲ್ ಪರೀಕ್ಷೆ ಮಾಡುವುದಕ್ಕಿಂತ ಹುಡುಗಿಯರ ಧೈರ್ಯ ಪರೀಕ್ಷೆ ಮಾಡುವುದು ಸಲೀಸು. ಅದಕ್ಕೆ ಸ್ಪ್ಯಾನರೂ ಬೇಡ.

ಬೀದಿಯಲ್ಲಿ ಬಕೆಟ್ ಇಟ್ಟು ಅವಳನ್ನು ತಿರುಗಿಸಿದೆ. ಬಲಕ್ಕೆ, ಮತ್ತೆ ಬಲಕ್ಕೆ. ಕಾಲು ಊರಲಿಲ್ಲ. ಕೊನೆಕೊನೆಗೆ ಬಕೆಟ್ಟಿನ ಸುತ್ತ ಸುಮ್ಮನೆ ಆಟಕ್ಕೆ ಸುತ್ತುತ್ತಿದ್ದಳು. ವೆಂಕಟೇಶಣ್ಣ ಉಳಿ ಹಿಡಿದುಕೊಂಡೇ ಹೊರಗೆ ಬಂದು ನಿಂತು ನೋಡಿದರು.

ನನಗೆ ಮೊದಲು ಸೈಕಲ್ ಕಲಿಸಿದವನು ನೀನೇ ಅನ್ನುವುದನ್ನು ಮರೆತಿಲ್ಲ. ಬೂಕನಕೆರೆಯ ಸಂತೆ ಮೈದಾನದಲ್ಲಿ ಸೀಟು ಹಿಡಿದು ಹಿಂದೆ ಓಡಿ ಬರುತ್ತಿದ್ದೆ. ‘ಬುಡಾಕಿಲ್ಲ, ನಾನಿವ್ನಿ’ ಅನ್ನುತ್ತಿದ್ದೆ. ಇದನ್ನು ನಿನ್ನ ಪರವಾಗಿ ಬರೆಯುತ್ತಿಲ್ಲ. ಬೇರೆ ಯಾರಾದರೂ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ನೀನು ಅಂದೆ ಅಂತ ನಂಬಿದೆ.

ಭಾನುವಾರ ಶ್ರೀರಂಗಪಟ್ಟಣಕ್ಕೆ ಬರುತ್ತೇನೆ. ರೇಸು ಶುರುವಾಗುವ ಮುಂಚೆ ಎಲ್ಲರ ಎದುರಿಗೆ ಹಿಂದಿನ ಚಕ್ರ ಎತ್ತಿ, ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿಸುತ್ತೇನೆ. ಚಕ್ರ ಸುತ್ತಿದರೆ ಸುಮ್ಮನೆ ಹೋಗಿ ನೀಲಿ ಡ್ರಮ್ಮಿನ ಹತ್ತಿರ ನಿಲ್ಲುತ್ತೇನೆ. ನಿಂತರೆ, ನೀನು ಮತ್ತೆ ಕತ್ತರಿಸಿದ್ದೀಯ ಅಂತ ಅರ್ಥ. ಆಗ ಅವಳನ್ನು ಸೈಕಲ್ ಹತ್ತಲು ಬಿಡುವುದಿಲ್ಲ. ಬೈ, ಕೂಗು, ಮುಷ್ಟಿ ಕಟ್ಟಿ ನಟಿಸು. ನನ್ನ ಕೈ ನಡುಗುತ್ತದೆ, ಅದು ನನಗೂ ಗೊತ್ತು. ಕೈ ನಡುಗುತ್ತಿದ್ದರೂ ಹ್ಯಾಂಡಲ್ ಹಿಡಿಯಬಹುದು.

ನಿನ್ನ ಸಾರಿ ನನಗೆ ಬೇಡ. ನಾನು ಇಷ್ಟು ವರ್ಷ ಹೇಳಿದ ಸಾರಿಗಳೇ ನಮ್ಮಿಬ್ಬರಿಗೂ ಸಾಕು. ಅವ್ವ ಮತ್ತು ಅಜ್ಜಿ ಇಬ್ಬರೂ ಇರುವಾಗ ಒಂದು ಮಾತು ಹೇಳು: ಹುಡುಗಿ ಹೆದರಲಿಲ್ಲ, ಕೇಬಲ್ಲು ಗಿಡ್ಡ ಇತ್ತು. ಅಷ್ಟು ಹೇಳುವವರೆಗೆ ನಿನ್ನ ಮನೆಯ ಹಬ್ಬಕ್ಕೆ ನಾನು ಬರುವುದಿಲ್ಲ.

ಅವತ್ತು ನೆಲ ಡೊಂಕೇ ಇತ್ತು ಮಾವ. ಡೊಂಕು ಮಾಡಿದವನು ನೀನು.

ದೇವರು ನಿನ್ನ ಕೈಗೆ ಮೊದಲು ಬುದ್ಧಿ ಕೊಡಲಿ. ಬಾಯಿಗೆ ಆಮೇಲೆ ಬಂದರೂ ಆಯಿತು, ಕಾಯುತ್ತೇನೆ.

ಬ್ರೇಕ್ ಹಿಡಿಯದವಳು,
ತನುಶ್ರೀ