ಹುಡುಗರಿಗೆ ಬೇಡವೆಂದ ಹನ್ನೆರಡು ಪದ

ಜುಲೈ 8, ಮಂಗಳವಾರ

6.50ರ ಲೋಕಲ್ ಇವತ್ತೂ ತಪ್ಪಿತು. ಬೊರಿವಲಿಯಿಂದ ದಹಿಸರ್‌ಗೆ ಒಂದೇ ಸ್ಟೇಷನ್. ಆದರೂ ತಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಕರಗತವಾಗಿದೆ. ಏಳನೇ ಕ್ಲಾಸಿನ ಹಾಜರಿ ಇಪ್ಪತ್ತಮೂರಕ್ಕೆ ಹತ್ತೊಂಬತ್ತು.

ಹೆಡ್‌ಮಾಸ್ತರ್ ಗುರುಪಾದ ಸರ್ ಒಂದು ಸರ್ಕ್ಯುಲರ್ ತಂದು ಮೇಜಿನ ಮೇಲಿಟ್ಟರು. ಮಕ್ಕಳಿಗೆ ಆರೋಗ್ಯ ಶಿಕ್ಷಣದ ಪದಪಟ್ಟಿ. ಅರವತ್ತನಾಲ್ಕು ಪದ, ಇಂಗ್ಲಿಷ್ ಮತ್ತು ಮರಾಠಿಯಲ್ಲಿ. ಕನ್ನಡದ ಕಾಲಂ ಖಾಲಿ. ಈ ಊರಲ್ಲಿ ಕನ್ನಡ ಶಾಲೆ ಇನ್ನೂ ಉಸಿರಾಡುತ್ತಿದೆ ಎಂದು ಮೇಲಿನವರಿಗೆ ನೆನಪಾಗುವುದೇ ಇಂಥ ಕಾಲಂ ತುಂಬಿಸಬೇಕಾದಾಗ.

“ಹರಿಣಿ ಟೀಚರ್, ನಿಮ್ಮ ಕನ್ನಡ ಶುದ್ಧ ಐತಿ. ನೀವ ಮಾಡ್ರಿ.”

ಶುದ್ಧವಂತೆ! ಮನೆಯಲ್ಲಿ ತುಳು, ರಿಕ್ಷಾದವನ ಹತ್ತಿರ ಹಿಂದಿ, ಸ್ಟಾಫ್ ರೂಮಿನಲ್ಲಿ ಮರಾಠಿ. ಹೊಗಳಿಕೆ ಕೇಳಿದಾಗಲೇ ಕೆಲಸ ನನ್ನ ತಲೆಗೆ ಬಿತ್ತು ಅಂತ ಗೊತ್ತಾಯಿತು. ಆಗಸ್ಟ್ ಕೊನೆಗೆ ಕೊಡಬೇಕು.

ಜುಲೈ 11, ಶುಕ್ರವಾರ

ಒಬ್ಬಳೇ ಯಾಕೆ ಒದ್ದಾಡಲಿ? ಮಕ್ಕಳನ್ನೇ ಕೆಲಸಕ್ಕೆ ಹಚ್ಚಿದೆ. ನಾನು ಇಂಗ್ಲಿಷ್ ಪದ ಹೇಳುವುದು, ಅವರು ಮನೆಯಲ್ಲಿ ಏನೆನ್ನುತ್ತಾರೆ ಅಂತ ಕೂಗುವುದು. ಹೆಚ್ಚಿನವರು ಬಾದಾಮಿ, ಇಂಡಿ ಕಡೆಯವರು. ನಾನು ‘ಶೀತ’ ಎಂದು ಬೋರ್ಡಿನ ಮೇಲೆ ಬರೆದರೆ ಗೊಳ್ಳೆಂದು ನಕ್ಕರು. ನೆಗಡಿ ಅನ್ನಬೇಕಂತೆ. ಅತಿಸಾರ ಬರೆದೆ — ಜುಲಾಬು ಅಂದರು. ನಿರ್ಜಲೀಕರಣ ಬರೆದೆ... ಯಾರೂ ಏನೂ ಅನ್ನಲಿಲ್ಲ. ಹೆದರಿದರು ಅಂತ ಕಾಣುತ್ತದೆ.

ಅನಿಲ ಎದ್ದು ನಿಂತ. ಸಣ್ಣ ಮೈ, ದೊಡ್ಡ ದನಿ. “ಟೀಚರ್, ಸೋಂಕು ಅಂದ್ರ ನಮ್ ಚಾಳಿನಾಗ ಯಾರಿಗೂ ತಿಳೆಂಗಿಲ್ರಿ. ನಂಜು ಅನ್ರಿ.”

“ನಿಂಗೆ ಹೇಗೆ ಗೊತ್ತು?”

“ನಾ ದವಾಖಾನಿಗೆ ಹೋಗ್ತೀನಲ್ರಿ. ಯಾರಿಗೇ ಆರಾಮಿಲ್ಲಂದ್ರ ನನ್ನ ಕರ್ಕೊಂಡ ಹೋಗ್ತಾರ. ಡಾಕ್ಟರಿಗೆ ಹಿಂದ್ಯಾಗ ಹೇಳೋದು, ತಿರಗಿ ಇವ್ರಿಗೆ ಕನ್ನಡದಾಗ ಹೇಳೋದು.”

ಅವರ ಚಾಳಿನಲ್ಲಿ ಹನ್ನೊಂದು ಕನ್ನಡದ ಮನೆಗಳಂತೆ. ಹನ್ನೊಂದಕ್ಕೂ ಇವನೊಬ್ಬನೇ ಬಾಯಿ. ಹದಿಮೂರು ವರ್ಷದ ಹುಡುಗ! ನನಗಂತೂ ಬಹಳ ಹೆಮ್ಮೆಯಾಯಿತು. ಪಟ್ಟಿಯಲ್ಲಿ ಒಂಬತ್ತು ಪದ ಅವನು ಹೇಳಿದ್ದನ್ನೇ ಇಟ್ಟೆ.

ಜುಲೈ 15, ಮಂಗಳವಾರ

41ರಿಂದ 52 — ಆ ಹನ್ನೆರಡು ಪದ. ಋತುಸ್ರಾವ, ಗರ್ಭಕೋಶ, ಬಿಳಿ ಮುಟ್ಟು, ಅದು, ಇದು. ಪದ್ಧತಿಯಂತೆ ಗಂಡುಹುಡುಗರನ್ನು ಪಿ.ಟಿ. ಮಾಸ್ತರ ಜೊತೆ ಕಬಡ್ಡಿಗೆ ಕಳಿಸಿದೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ನಾನು ಉಡುಪಿಯಲ್ಲಿ ಕಲಿಯುವಾಗಲೂ ಹೀಗೇ, ಹುಡುಗರು ವಾಲಿಬಾಲ್ ಆಡುತ್ತಿದ್ದರು.

ಬಾಗಿಲ ಹತ್ತಿರ ಅನಿಲ ನಿಂತ. “ಟೀಚರ್, ಈ ಹನ್ನೆರಡು ನಮಗ ಯಾವಾಗ ಹೇಳ್ತೀರಿ?”

“ನಿಮಗೆ ಬೇಡ ಮಾರಾಯ, ಆಡ್ಲಿಕ್ಕೆ ಹೋಗು.” ಎಲ್ಲರೂ ನಕ್ಕರು. ನಾನೂ.

ಬಾಗಿಲು ಹಾಕಿದೆ. ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡರು. ಶೀತಲ್ ಒಬ್ಬಳೇ ಒಂದು ಪ್ರಶ್ನೆ ಕೇಳಿದಳು, ಅದನ್ನೂ ಚೀಟಿಯಲ್ಲಿ ಬರೆದು. ಹುಡುಗರ ಕಾಪಿಯಲ್ಲಿ ಐವತ್ತೆರಡೇ ಪದ ಇರಲಿ ಎಂದು ಕ್ಲರ್ಕಿಗೆ ಹೇಳಿದೆ.

ಜುಲೈ 18, ಶುಕ್ರವಾರ

ಬಿಡುವಿನಲ್ಲಿ ಅನಿಲ ಬಂದು, ಹುಡುಗಿಯರ ಪದಪಟ್ಟಿಯ ಹಾಳೆ ಒಂದು ಬೇಕು ಎಂದ. ನಿನಗ್ಯಾಕೆ ಅದು ಎಂದೆ. “ಸುಮ್ನ ರೀ.” ಕಿವಿ ಕೆಂಪಾಗಿತ್ತು. ಬೈದು ಕಳಿಸಿದೆ. ಜಾಣ ಹುಡುಗರೂ ಈ ವಯಸ್ಸಿಗೆ ಬಂದಾಗ ಹಾದಿ ತಪ್ಪುವುದೇ.

ಸಂಜೆ ಗಂಡನ ಹತ್ತಿರ ಹೇಳಿದೆ. ಧನರಾಜ್ ಹೋಟೆಲಿನಿಂದ ಆಗಷ್ಟೇ ಬಂದಿದ್ದರು. “ಹುಡುಗ ಪದ ಕೇಳಿದ್ರೆ ಬೈಯುವ ಟೀಚರ್ ನೀನೊಬ್ಳೇ ಮಾರಾಯ್ತಿ,” ಎಂದರು. ನನಗೆ ಸಿಟ್ಟು ಬಂತು. ಇವರಿಗೇನು ಗೊತ್ತು ಕ್ಲಾಸಿನ ಕಷ್ಟ.

ಜುಲೈ 24, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆದುಬಿಡುತ್ತೇನೆ.

ಶಾಲೆ ಬಿಟ್ಟ ಮೇಲೆ ಅನಿಲ ಹೋಗಲಿಲ್ಲ. ಬೆಂಚು ಸರಿ ಮಾಡಿದ, ಕಿಟಕಿ ಹಾಕಿದ, ಡಸ್ಟರ್ ಕುಟ್ಟಿದ. ಆಮೇಲೆ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟ. ಗ್ಯಾಸಿನ ಮಾತ್ರೆ.

“ಟೀಚರ್, ಗ್ಯಾಸಿಗೆ ರಕ್ತ ಹೋಗ್ತೈತೇನ್ರಿ?”

“ಯಾರಿಗೆ?”

“ನಮ್ಮವ್ವಗ. ಬಕೀಟಿನ ಹಿಂದ ಅರಿವಿ ಮುಚ್ಚಿ ಇಟ್ಟಿರ್ತಾಳ. ನಾ ನೋಡೀನಿ. ಭಾಳ ಇರ್ತೈತ್ರಿ. ಏನವ್ವಾ ಅಂದ್ರ ಬೈತಾಳ.” ನೆಲ ನೋಡುತ್ತ ಮಾತಾಡಿದ. “ಡಾಕ್ಟರಿಗೆ ಹೇಳಾಕ ಅದಕ್ಕೇನಂತಾರ ಗೊತ್ತಿಲ್ರಿ. ಅದಕ್ಕ ಹಾಳಿ ಕೇಳಿದ್ದೆ.”

ಅದಕ್ಕೆ ಹಾಳೆ ಕೇಳಿದ್ದು! ನಾನು ಬೈದು ಕಳಿಸಿದ್ದೆ.

ಜುಲೈ 26, ಶನಿವಾರ

ಅನಿಲನ ಮನೆಗೆ ಹೋದೆ. ದಹಿಸರ್ ನದಿಯ ಆಚೆ ಅವರ ಚಾಳು. ಒಂದೇ ಕೋಣೆ, ತೊಳೆದಿಟ್ಟ ಪಾತ್ರೆ, ಗೋಡೆಗೆ ಅನಿಲನ ಸರ್ಟಿಫಿಕೇಟು. ಅಪ್ಪ ಖಂಡಪ್ಪ ಪನ್ವೇಲಿನಲ್ಲಿ ಸೆಂಟ್ರಿಂಗ್ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಅವ್ವ ಸುಂದ್ರವ್ವ ಒಂದು ಬಿಲ್ಡಿಂಗಿನಲ್ಲಿ ಕಸ ಗುಡಿಸುತ್ತಾಳೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಮುಖ ನೋಡಿದರೆ ಹತ್ತು ವರ್ಷ ದೊಡ್ಡವಳು. ಬಿಳಿಚಿಕೊಂಡಿದ್ದಾಳೆ.

ಮಾತಿಗೆ ಮುಂಚೆ ನಾನೇ ಅನಿಲನಿಗೆ, “ನೀನು ಹೊರಗೆ ಕೂತ್ಕೊ” ಎಂದೆ. ಅಭ್ಯಾಸ. ಅವನು ಹೋಗಿ ಹೊಸ್ತಿಲಾಚೆ ಕೂತ.

“ಯಾವಾಗಿಂದ ಸುಂದ್ರವ್ವ?”

“ದೀಪಾವಳಿ ಆದ ಮ್ಯಾಲಿಂದ್ರಿ ಅಕ್ಕೋರ. ಬಾಜೂಕಿನ ಗುರುಬಾಯಿಗೆ ಹೇಳಿದ್ದೆ. ಮುಟ್ಟು ನಿಲ್ಲೂ ಮುಂದ ಹಂಗ ಆಗ್ತೈತಿ ಅಂದ್ಳು.”

“ಡಾಕ್ಟರಿಗೆ?”

“ಹೆಂಗ ಹೇಳ್ಲಿರಿ? ನನ್ನ ಹಿಂದಿ ಉಳ್ಳಾಗಡ್ಡಿ ಕೊಳ್ಳಾಕಷ್ಟ ಸಾಕಾಗ್ತೈತಿ. ದವಾಖಾನ್ಯಾಗ ಹೇಳಾಂವ ಇಂವ. ಹಡದ ಮಗನ ಬಾಯಿಲೆ ಇದನ್ನ ಹೆಂಗ ಹೇಳಸ್ಲಿ ಅಕ್ಕೋರ? ಹೊಟ್ಟಿ ನೂಸ್ತೈತಿ ಅಂತ ಹೇಳು ಅಂದೆ. ಅಂವ ಅಷ್ಟ ಹೇಳಿದಾ.”

ಹೊಟ್ಟೆನೋವು ಎಂದು ಕೇಳಿ ಡಾಕ್ಟರ್ ಗ್ಯಾಸ್ ಅಂದರು. ಎಂಟು ತಿಂಗಳು ಗ್ಯಾಸಿನ ಮಾತ್ರೆ.

ಈ ಮನೆಗಳಲ್ಲಿ ಗಂಡಸರು ಸೈಟಿನಲ್ಲಿ, ಹೆಂಗಸರು ದುಡಿಮೆಯಲ್ಲಿ. ದವಾಖಾನೆಗೆ ಜೊತೆ ಹೋಗುವವರು ಹುಡುಗರು. ಆ ಹುಡುಗರನ್ನೇ ಅಲ್ಲವೇ ನಾನು ಇಪ್ಪತ್ತೆರಡು ವರ್ಷ ಕಬಡ್ಡಿಗೆ ಅಟ್ಟಿದ್ದು?

ಜುಲೈ 29, ಮಂಗಳವಾರ

ಅರ್ಧ ದಿನ ರಜೆ. ನಾನೇ ಸುಂದ್ರವ್ವನನ್ನು ಬೊರಿವಲಿಯಲ್ಲಿ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದರು. ಮುಖ ಗಂಭೀರ ಮಾಡಿಕೊಂಡು ಚೀಟಿ ಬರೆದರು — ಪರೇಲಿನ ದೊಡ್ಡ ಆಸ್ಪತ್ರೆಗೆ, ತಡ ಮಾಡಬೇಡಿ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ನನ್ನನ್ನು ಕೇಳಿದರು, ನಾನೇ ಅಕ್ಕ ಎಂದುಕೊಂಡು. ಚೀಟಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ.

ಆಗಸ್ಟ್ 1, ಶುಕ್ರವಾರ

ಅರವತ್ತನಾಲ್ಕು ಪದವೂ ಎಲ್ಲರಿಗೂ. ಬಾಗಿಲು ತೆರೆದೇ ಇಟ್ಟೆ.

ಗುರುಪಾದ ಸರ್ ಓಡಿಬಂದರು. “ಟೀಚರ್, ನಾಳೆ ಪಾಲಕರು ಬಂದು ಬಾಯಿ ಮಾಡ್ತಾರ್ರಿ. ಗಂಡುಹುಡುಗರ ಮುಂದ ಇವೆಲ್ಲಾ...”

“ಬರ್ಲಿ ಸರ್. ಬಂದವರಿಗೂ ಹೇಳಿಕೊಡ್ತೇನೆ.”

ಮೊದಲ ಎರಡು ನಿಮಿಷ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ. ನನ್ನ ದನಿಯೂ ನಡುಗಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೇಳಿದೆ — ಯಾರ ಯಾರ ಅವ್ವ, ಅಕ್ಕ, ಅಜ್ಜಿ ನಿಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ? ಹನ್ನೆರಡು ಹುಡುಗರಲ್ಲಿ ಒಂಬತ್ತು ಕೈ ಮೇಲೆ ಬಂತು. ಕಿಸಿಕಿಸಿ ನಿಂತಿತು. ಎಲ್ಲರೂ ಬರೆದುಕೊಂಡರು. ಶೀತಲ್ ಇವತ್ತು ಚೀಟಿ ಕಳಿಸಲಿಲ್ಲ, ಎದ್ದು ನಿಂತೇ ಕೇಳಿದಳು. ಗುರುಪಾದ ಸರ್ ಬಾಗಿಲಲ್ಲೇ ನಿಂತಿದ್ದವರು ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಪಾಠ ಮುಗಿಯುವ ತನಕ ಏಳಲಿಲ್ಲ.

ಆಗಸ್ಟ್ 5, ಮಂಗಳವಾರ

ಸುಂದ್ರವ್ವ, ಅನಿಲನ ಜೊತೆ ಪರೇಲ್‌ಗೆ. ದಾದರ್ ತನಕ ಲೋಕಲ್, ಅಲ್ಲಿಂದ ಟ್ಯಾಕ್ಸಿ. ಧನರಾಜ್ ಹೋಟೆಲಿನಿಂದ ಇಡ್ಲಿ ಕಟ್ಟಿಸಿ ಕೊಟ್ಟಿದ್ದರು, ಮೂವರಿಗೂ. ಅವತ್ತಿನ ಅವರ ಮಾತು ಮರೆತಿದ್ದೇನೆ.

ಭಾಷಾಂತರ ನಾನೇ ಮಾಡುವುದೆಂದು ತಯಾರಾಗಿದ್ದೆ. ಅನಿಲ ಹೊರಗಿನ ಬೆಂಚಿನಲ್ಲಿ. ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಗರ್ಭಕೋಶ, ಸ್ರಾವ, ಅಂತರ... ಸುಂದ್ರವ್ವ ಕಣ್ಣು ಕಣ್ಣು ಬಿಟ್ಟಳು.

“ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ ಕನ್ನಡ ನಂಗ ಅರ್ಧ ತಿಳಿತೈತಿ.” ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಹೇಳಿದಳು, “ಅವ್ನ ಕರೀರಿ.”

ಅನಿಲ ಬಂದ. ಅವ್ವನ ಪಕ್ಕ ನಿಂತು, ಅವಳ ಮುಖ ನೋಡದೆ, ಡಾಕ್ಟರ ಮೇಜಿನ ಮೇಲಿನ ಪೆನ್ನು ನೋಡುತ್ತ ಕೇಳಿದ. “ಅವ್ವಾ, ರಕ್ತ ತಿಂಗಳಿಗೊಮ್ಮೆ ಹೋಗ್ತೈತೋ, ನಡಬರಕ ಹೋಗ್ತೈತೋ? ಬಿಳಿ ಮುಟ್ಟು ವಾಸನಿ ಬರ್ತೈತೇನು? ಗರ್ಭಚೀಲದ ಕಡೆ ನೋವೋ, ಮ್ಯಾಲ ನೋವೋ?” ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಮೊದಲು ಗೋಡೆಗೆ, ಕೊನೆಕೊನೆಗೆ ಮಗನಿಗೆ. ಅವನು ಒಂದನ್ನೂ ಬಿಡದೆ ಹಿಂದಿಯಲ್ಲಿ ಹೇಳಿದ. ನನಗೆ ಅಳು ಬಂತು. ಕರ್ಚೀಫು ತೆಗೆದು ನೆಗಡಿಯಾದವಳಂತೆ ಮೂಗು ಒರೆಸಿದೆ.

ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಮುಂದಿನ ವಾರ.

ಪಟ್ಟಿ ತಿದ್ದಿದೆ. 44 — ಗರ್ಭಚೀಲ.

ಆಗಸ್ಟ್ 13, ಬುಧವಾರ, ಸಂಜೆ 6

ಎಂಟು ದಿನದಿಂದ ಏನೂ ಬರೆಯಲಿಲ್ಲ. ಬರೆದರೆ ಕೆಟ್ಟದ್ದೇ ಬರೆದೇನೆಂಬ ಹೆದರಿಕೆ.

ರಿಪೋರ್ಟ್ ಬಂತು. ಡಾಕ್ಟರಮ್ಮ ನನ್ನನ್ನು ನೋಡಿದರು, ನಾನು ಅನಿಲನನ್ನು ನೋಡಿದೆ. ಇದನ್ನು ನಾನು ಹೇಳುತ್ತೇನೆ ಎಂದೆ. “ಬ್ಯಾಡ್ರಿ ಟೀಚರ್. ನಾನ ಹೇಳ್ತೀನಿ.” ಹೇಳಿದ. “ಅವ್ವಾ, ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ಆಗೇತಿ. ಐದು ವಾರ ದಿನಾ ಬಂದು ಶೇಕ ತಗೋಬೇಕು. ಮಶಿನ್ಯಾಗ ಮಲಗಸ್ತಾರ, ನೋವಾಗಂಗಿಲ್ಲ. ಆರಾಮ ಆಗಾಕ ಭಾಳ ಚಾನ್ಸ್ ಐತಂತ.” ರೇಡಿಯೇಷನ್‌ಗೆ ‘ಶೇಕ’ ಎಂದ. ಅಕ್ಷರಾಕ್ಷರ ಸರಿಯಾಗಿತ್ತು.

ಸುಂದ್ರವ್ವ ಅಳಲಿಲ್ಲ. ಒಂದೇ ಮಾತು ಕೇಳಿದಳು. “ದೀಪಾವಳಿಗೇ ಬಂದು ಹೇಳಿದ್ರ ಇಷ್ಟ ಆಗ್ತಿರ್ಲಿಲ್ಲೇನ, ಕೇಳು.”

ಅವನು ಕೇಳಿದ. ಡಾಕ್ಟರಮ್ಮ ಕಂಪ್ಯೂಟರ್ ನೋಡುತ್ತಲೇ ಹಿಂದಿಯಲ್ಲಿ ಹೇಳಿದರು — ಆಗ ಬಂದಿದ್ದರೆ ಬಹುಶಃ ಒಂದು ಆಪರೇಷನ್‌ನಲ್ಲೇ ಮುಗಿಯುತ್ತಿತ್ತು, ಕಾಯಿಲೆ ಇಷ್ಟು ದೂರ ಹೋಗುತ್ತಿರಲಿಲ್ಲ.

ಅನಿಲ ಅವ್ವನ ಕಡೆ ತಿರುಗಿದ.

“ಆಗ ಬಂದಿದ್ರೂ ಇದ ಟ್ರೀಟ್ಮೆಂಟ್ ಅಂತವ್ವ,” ಎಂದ. “ಈಗ ಬಂದೀರಲ್ಲ, ಚಲೋ ಆತು ಅಂತಾರ.”

“ಹೌದಾ?” ಸುಂದ್ರವ್ವ ಉದ್ದಕ್ಕೆ ಉಸಿರು ಬಿಟ್ಟಳು. “ಹಂಗಾರ ನಂದೇನ ತಪ್ಪಿಲ್ಲಲ್ಲಪ್ಪ.”

“ಇಲ್ಲವ್ವ.”

ಇಪ್ಪತ್ತೆರಡು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ಕೆಂಪು ಪೆನ್ನು ಪರ್ಸಿನಲ್ಲೇ ಇರುತ್ತದೆ. ಇದನ್ನು ತಿದ್ದಲಿಲ್ಲ. ಆ ಹುಡುಗನನ್ನು ಅಲ್ಲೇ ಅಪ್ಪಿಕೊಳ್ಳಬೇಕು ಅನಿಸಿತು, ಅಪ್ಪಿಕೊಳ್ಳಲೂ ಇಲ್ಲ. ಸೋಮವಾರದಿಂದ ಶೇಕ ಶುರು. ನಾನೂ ಚಾಳಿನ ಗುರುಬಾಯಿಯೂ ದಿನ ಹಂಚಿಕೊಂಡು ಜೊತೆ ಹೋಗುತ್ತೇವೆ, ಹುಡುಗನ ಶಾಲೆ ತಪ್ಪಬಾರದು.

ಬರುವಾಗ ಲೋಕಲ್‌ನಲ್ಲಿ ಸೀಟು ಸಿಕ್ಕಿತು. ಸುಂದ್ರವ್ವ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಎಷ್ಟು ದಿನದ ನಿದ್ದೆಯೋ. ಅನಿಲ ಎದುರು ಕೂತಿದ್ದ. ಅಂಧೇರಿ ದಾಟಿದ ಮೇಲೆ, ಅವ್ವ ಏಳದ ಹಾಗೆ ಸಣ್ಣ ದನಿಯಲ್ಲಿ, “ಟೀಚರ್, ಜುಲೈದಾಗ ನಾ ಹಾಳಿ ಕೇಳಿದ್ನಲ್ರಿ...” ಎಂದ. ಅಷ್ಟಕ್ಕೇ ನಿಲ್ಲಿಸಿ ಕಿಟಕಿಯಾಚೆ ನೋಡಿದ.

ನಾಳೆ ಕ್ಲಾಸಿನಲ್ಲಿ ಆ ಮಾತನ್ನು ಅವನು ಮುಂದುವರಿಸಿದರೆ ನಾನು ಅವನಿಗೆ, ಹಾಳೆ ಕೊಡದೆ ಬೈದದ್ದು ನನ್ನ ತಪ್ಪು ಎಂದು ಹೇಳಬೇಕು.