ದೊಡ್ಡ ಬಾಟಲಿಯೋ, ಸಣ್ಣ ಬಾಟಲಿಯೋ

ಮಿಲ್ವಾಕಿ
೧೨ ನವೆಂಬರ್ ೧೯೯೬, ಮಂಗಳವಾರ

ಪ್ರೀತಿಯ ಮಾರ್ಲಿಸ್,

ಹೇಗಿದ್ದೀಯ? ಚಳಿ ಶುರುವಾಯಿತಲ್ಲ, ಮೊಣಕಾಲು ನೋವು ಹೇಗಿದೆ? ನಿಮ್ಮಕ್ಕ ಫ್ಲೋ ಕೋಲು ಬಿಟ್ಟು ಚರ್ಚಿಗೆ ನಡೆದೇ ಹೋಗಿಬರುತ್ತಾಳೆ ಅಂತ ಅವಳ ಮಗ ಡೇಲ್ ಹೇಳಿದ. ಸೊಂಟದ ಮೂಳೆ ಅಷ್ಟು ಚೆನ್ನಾಗಿ ಕೂಡಿಕೊಂಡದ್ದು ಸಂತೋಷ. ಸಂತೋಷ ಅಂತ ಬರೆದೆನಲ್ಲ, ಬರೆಯುವಾಗ ಏನೂ ಅನ್ನಿಸಲಿಲ್ಲ. ಈಚೆಗೆ ನನಗೆ ಎಲ್ಲದರಲ್ಲೂ ಹಾಗೇ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ರಕ್ತದೊತ್ತಡ ಸರಿಯಿದೆ ಅಂತ ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ದವಡೆ ಇರುತ್ತದಲ್ಲ, ಹಾಗಿದ್ದೇನೆ. ಗಾಬರಿಯಾಗಬೇಡ.

ಈಗ ಇಲ್ಲಿಯ ತಾಪತ್ರಯ ಕೇಳು. ಹೋದ ತಿಂಗಳು ಅಭ್ಯಾಸಬಲದಿಂದ ಒಂದು ದೊಡ್ಡ ಬಕೆಟ್ ತುಂಬ ಮನೆಬಿಯರು ಹುದುಗಲು ಹಾಕಿಬಿಟ್ಟೆ. ಹುದುಗಿ, ನೊರೆ ಇಳಿದು ಸುಮ್ಮನಾಗಿದೆ. ಇನ್ನು ಬಾಟಲಿಗೆ ತುಂಬದಿದ್ದರೆ ಕೆಡುತ್ತದೆ. ಹಳೇ ಮನೆಯ ನೆಲಮಾಳಿಗೆಯಲ್ಲಾದರೆ ಎಷ್ಟು ಬಾಟಲಿಯಾದರೂ ಕತ್ತಲಲ್ಲಿ ತಂಪಾಗಿ ನಿಂತಿರುತ್ತಿದ್ದವು. ಈ ಎರಡು ಕೋಣೆಯ ಗೂಡಿನಲ್ಲಿ ಎಲ್ಲಿಡಲಿ? ಅಡುಗೆಮನೆಯ ಕಪಾಟು ಒಲೆಗೆ ಅಂಟಿಕೊಂಡಿದೆ, ಆ ಬಿಸಿಗೆ ಬಾಟಲಿ ಸಿಡಿಯುತ್ತದೆ. ಬಾಲ್ಕನಿಯಲ್ಲಿಟ್ಟರೆ ಹೆಪ್ಪುಗಟ್ಟಿ ಸೀಳುತ್ತದೆ. ಮಂಚದ ಕೆಳಗೆ ನಿಲ್ಲಿಸಲು ಎತ್ತರ ಸಾಲದು, ಮಲಗಿಸಿದರೆ ತಳಕ್ಕಿಳಿಯಬೇಕಾದ ಗಸಿಯೆಲ್ಲ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಉಳಿದದ್ದು ಬಾಗಿಲ ಪಕ್ಕದ ಗೋಡೆಕಪಾಟು ಒಂದೇ.

ಕೆಳಗಿನ ಮನೆಯ ಬರ್ನೀಸ್‌ಗೆ ನನ್ನ ಮೇಲೆ ಕರುಣೆ ಬಂದು, ಚರ್ಚಿನ ಶುಕ್ರವಾರದ ಮೀನೂಟ ಮುಗಿದ ಮೇಲೆ ಮೇಜುಗಳ ಕೆಳಗೆಲ್ಲ ಬಗ್ಗಿ ಎರಡು ಚೀಲ ಖಾಲಿ ಬಿಯರು ಬಾಟಲಿ ಆರಿಸಿ ತಂದುಕೊಟ್ಟಳು. ಎಂಬತ್ತು ದಾಟಿದ ಹೆಂಗಸು, ಪಾಪ. ನೋಡಿದರೆ ಎಲ್ಲವೂ ತಿರುಪಿನ ಬಾಯಿಯವು! ನಮ್ಮ ಒತ್ತುವ ಮುಚ್ಚಳ ಅವುಗಳ ಮೇಲೆ ಕೂರುವುದಿಲ್ಲ, ಗಾಳಿಯೆಲ್ಲ ಸೋರಿಹೋಗುತ್ತದೆ. ಹೇಳಿದ್ದಕ್ಕೆ, “ಬಾಟ್ಲಿ ಅಂದ್ರೆ ಬಾಟ್ಲಿ ಕಣೋ. ಹೆಣ್ಣು ನೋಡೋಕೆ ಹೋದವ್ನ ಥರ ಬಾಯಿ ನೋಡ್ತಾನೆ, ಕತ್ತು ನೋಡ್ತಾನೆ!” ಅಂತ ಬೈದಳು. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಗಬೇಕಾದ ಮಾತು ಅಂತ ನನಗೂ ಗೊತ್ತಾಯಿತು.

ಬಿಯರು ಸಾಮಾನಿನ ಅಂಗಡಿಯವನದು ಒಂದೇ ಮಾತು: “ಯಜಮಾನ್ರೇ, ಜಾಗ ಇಲ್ಲ ಅಂದ್ಮೇಲೆ ಯೋಚ್ನೆ ಏನು? ದೊಡ್ಡ ಬಾಟ್ಲಿ ತಗೊಳ್ಳಿ, ನೆಮ್ಮದಿ.” ಅವನು ಹೇಳುವುದು ಸರಿಯೇ. ದೊಡ್ಡದರಲ್ಲಿ ಹೆಚ್ಚುಕಡಿಮೆ ಎರಡು ಸಣ್ಣ ಬಾಟಲಿಯಷ್ಟು ಹಿಡಿಸುತ್ತದೆ. ಇಡೀ ಬಕೆಟ್ಟು ಗೋಡೆಕಪಾಟಿನಲ್ಲೇ ಅಡಗುತ್ತದೆ, ತೊಳೆಯುವ ಕೆಲಸವೂ ಅರ್ಧ. ಆದರೆ ದೊಡ್ಡ ಬಾಟಲಿಯನ್ನು ತಳದ ಗಸಿ ಕದಡದ ಹಾಗೆ ಒಂದೇ ಸಲಕ್ಕೆ ಬಗ್ಗಿಸಿ ಮುಗಿಸಬೇಕಲ್ಲ ಮಾರ್ಲಿಸ್. ನೀನು ಎರಡು ಗ್ಲಾಸಿನ ಅಂಚಿಗೆ ಅಂಚು ತಾಗಿಸಿ ಹಿಡಿಯುತ್ತಿದ್ದೆ, ನಾನು ಬಾಟಲಿ ನಡುವೆ ನೆಟ್ಟಗೆ ಮಾಡದೆ ಒಂದಾದ ಮೇಲೆ ಇನ್ನೊಂದಕ್ಕೆ ಸುರಿಯುತ್ತಿದ್ದೆ. “ಕೈ ನಡುಗಿಸ್ಬೇಡ್ವೋ ಮುದುಕಾ, ಕೆಸರು ಕುಡಿಸ್ತೀಯ” ಅಂತ ನೀನು ಅನ್ನುತ್ತಿದ್ದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾಡಿದ ಕೆಲಸ ಅದೊಂದೇ ಇರಬೇಕು. ಭಾನುವಾರ ಹೋದ ವರ್ಷದ ಒಂದು ದೊಡ್ಡ ಬಾಟಲಿ ತೆರೆದೆ. ಒಂದು ಗ್ಲಾಸು ಸುರಿದು ಬಾಟಲಿ ನಿಲ್ಲಿಸಿದ್ದೇ ತಡ, ತಳದ ಗಸಿ ಮೇಲೆದ್ದಿತು. ಎರಡನೇ ಗ್ಲಾಸು ಬರೀ ಬಗ್ಗಡ. ಅದನ್ನೂ ಕುಡಿದೆ.

ಇದನ್ನು ಬರ್ನೀಸ್‌ಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅವಳು, “ಒಬ್ನೇ ಕುಡಿಯೋನಿಗೆ ದೊಡ್ಡ ಬಾಟ್ಲಿ ಯಾಕೋ? ಅವ್ಳು ಬರ್ತಾಳೋ ಇಲ್ವೋ, ಮೊದ್ಲು ಅದನ್ನ ಕೇಳು. ಬಾಟ್ಲಿ ಆಮೇಲೆ” ಅಂದಳು. ಅಕ್ಕನ ಸೊಂಟ ಸರಿಹೋಗುವವರೆಗೆ ಅಂತ ಹೇಳಿ ನೀನು ವಸಂತದಲ್ಲಿ ಗ್ರೀನ್ ಬೇ ಊರಿನ ಅವಳ ಮನೆಗೆ ಹೋದೆ. ಸೊಂಟ ಸರಿಹೋಯಿತು, ಬೇಸಿಗೆ ಕಳೆಯಿತು. ಫೋನಿನಲ್ಲಿ ಇಬ್ಬರೂ ಹವೆಯ ವಿಚಾರ ಮಾತಾಡುತ್ತೇವೆ. ನನಗೆ ಕೋಪವಿಲ್ಲ. ಈ ಮನೆ ನಿನಗೆ ಮೊದಲ ದಿನದಿಂದಲೂ ಹಿಡಿಸಲಿಲ್ಲ ಅಂತ ಗೊತ್ತು. ಕೇಳುತ್ತೇನೆ ಅಂತ ಬರ್ನೀಸ್‌ಗೆ ಮಾತು ಕೊಟ್ಟು ಬರೆಯಲು ಕೂತೆ. ನೋಡು, ಹಾಳೆಯೆಲ್ಲ ಬಾಟಲಿಯಲ್ಲೇ ತುಂಬಿತು.

ಫ್ಲೋಗೆ ನನ್ನ ನೆನಪು ಹೇಳು. ಮಂಜು ಬಿದ್ದ ಮೆಟ್ಟಿಲ ಮೇಲೆ ಇಬ್ಬರೂ ಹುಷಾರಾಗಿ ಇಳಿಯಿರಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಅರ್ವಿನ್

ಮರೆತ ಮಾತು: ಕಾಗದ ಅಂಚೆಗೆ ಹಾಕುವುದು ಎರಡು ದಿನ ತಡವಾಯಿತು, ಅಷ್ಟರಲ್ಲಿ ತುಂಬಿಬಿಟ್ಟೆ. ಸಣ್ಣ ಬಾಟಲಿಗಳಿಗೇ. ಗೋಡೆಕಪಾಟಿನಲ್ಲಿ ಎಲ್ಲವೂ ಹಿಡಿಸಲಿಲ್ಲ. ಅದಕ್ಕೇ ಮಲಗುವ ಕೋಣೆಯ ಬೀರುವಿನಲ್ಲಿ ನಿನ್ನ ಕಡೆಯ ಭಾಗ ಖಾಲಿ ಮಾಡಿದ್ದೇನೆ. ನಿನ್ನ ಬಟ್ಟೆ, ನೀಲಿ ಕೋಟು ಎಲ್ಲ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಮುಂದಿನ ವಾರ ಡೇಲ್ ಬಂದಾಗ ಒಯ್ಯುತ್ತಾನೆ. ಬೇಡ, ಇಲ್ಲೇ ಇರಲಿ ಅನ್ನುವುದಾದರೆ ಅವನು ಬರುವ ಮೊದಲು ಒಂದು ಫೋನ್ ಮಾಡು. ಬಾಟಲಿಗಳನ್ನು ಹಜಾರದ ನೆಲದ ಮೇಲೆ ನಿಲ್ಲಿಸಿಕೊಂಡು ದಾಟಿ ದಾಟಿ ಓಡಾಡುತ್ತೇನೆ, ನನಗೇನೂ ಕಷ್ಟವಿಲ್ಲ.